ಮಧ್ಯಾಹ್ನದ ತುಂಡು

ಗುರುಶಾಂತಪ್ಪನವರ ವರ್ಕ್‌ಶಾಪಿಗೆ ಅಗ್ಗದ ಬೆಲೆಗೆ ಬಂದಿದ್ದ ಲೋಹ ಕಡೆಯುವ ಪುಟ್ಟ ಸಿಎನ್‌ಸಿ ಯಂತ್ರಕ್ಕೆ ಅಂದು ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಅದು ಕಡೆದ ಮೊದಲ ಉಕ್ಕಿನ ಶಾಫ್ಟಿಗೆ ಕುಂಕುಮ ಹಚ್ಚಿ, ವಾಡಿಕೆಯಂತೆ ದೇವರ ಪಟದ ಮುಂದೆ ಇಟ್ಟಿದ್ದರು.

"ನೋಡಿದೆಯಾ? ಇನ್ನು ಪಂಪಿನ ಶಾಫ್ಟುಗಳ ಆರ್ಡರೆಲ್ಲ ನನ್ನದೇ," ಎಂದು ಅದು ಅಳತೆ ನೋಡುವ ಬಳೆಯಂಥ ಗೇಜಿಗೆ ಹೇಳಿತು. "ಮೂಲೆಯ ಆ ಹಳೇ ದಢೂತಿ ಯಂತ್ರ ಹಾಯಾಗಿ ನಿದ್ದೆ ಮಾಡಲಿ."

"ಪೂಜೆಯ ತುಂಡು ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ," ಎಂದಿತು ಗೇಜು. "ನನಗೆ ಮಧ್ಯಾಹ್ನದ ತುಂಡು ತೋರಿಸು."

ಪುಟ್ಟ ಯಂತ್ರ ಎದೆಯುಬ್ಬಿಸಿಕೊಂಡು ಬಿಡುವಿಲ್ಲದೆ ಕಡೆಯಿತು. ಹೊತ್ತೇರಿದಂತೆ ಅದರ ಮೈ ಕಾಯಿತು. ಗಟ್ಟಿ ಉಕ್ಕಿನ ಹೊಡೆತಕ್ಕೆ ಹಗುರವಾದ ಒಡಲು ನಡುಗತೊಡಗಿತು. ಮಧ್ಯಾಹ್ನದ ಶಾಫ್ಟು ಗೇಜಿನೊಳಗೆ ಹೋಗಲೇ ಇಲ್ಲ.

"ಕೂದಲೆಳೆಯಷ್ಟು ದಪ್ಪ ಹೆಚ್ಚಾಗಿದೆ," ಎಂದಿತು ಗೇಜು. "ಯಜಮಾನರು ಊಟಕ್ಕೆ ಕೂತಿದ್ದಾರೆ. ಹೀಗೇ ಮುಂದುವರಿಸುತ್ತೀಯಾ?"

ಪುಟ್ಟ ಯಂತ್ರ ತಾನೇ ಕೆಂಪು ದೀಪ ಹೊತ್ತಿಸಿಕೊಂಡು ನಿಂತುಬಿಟ್ಟಿತು. ಗುರುಶಾಂತಪ್ಪನವರು ಎಂಜಲು ಕೈಯಲ್ಲೇ ಓಡಿ ಬಂದರು.

"ಯಾಕೋ ನಿಂತೆ?"

"ಈ ಉಕ್ಕನ್ನು ಮೂಲೆಯ ದೊಡ್ಡಣ್ಣನಿಗೆ ಕೊಡಿ, ಯಜಮಾನರೇ. ನನಗೆ ಮೆತ್ತಗಿನ ಹಿತ್ತಾಳೆ ಕೊಟ್ಟು, ಸಂಜೆಯವರೆಗೂ ಅಳೆದು ನೋಡಿ," ಎಂದು ಅದು ತಲೆಯೆತ್ತಿಯೇ ಹೇಳಿತು. "ನಾನು ಅಗ್ಗಕ್ಕೆ ಬಂದವನು ನಿಜ. ಆದರೆ ನನ್ನ ಕೈಯಿಂದ ಅಗ್ಗದ ಮಾಲು ಹೊರಗೆ ಹೋಗುವುದಿಲ್ಲ."

ಗುರುಶಾಂತಪ್ಪನವರು ಕೈ ತೊಳೆದು ಬಂದರು. ದೇವರ ಮುಂದಿದ್ದ ಶಾಫ್ಟನ್ನು ತೆಗೆದರು. ಗೇಜಿನೊಳಗೆ ಹೋಗದ ಶಾಫ್ಟನ್ನು ಆ ಜಾಗದಲ್ಲಿಟ್ಟು, ಅದಕ್ಕೆ ಕುಂಕುಮ ಹಚ್ಚಿದರು.