ಸಲಿಗೆ ಕೇಳಲು ಬಂದ ನರಿ

ಇಟಲಿಯ ಒಂದು ಹಳ್ಳಿಯಲ್ಲಿ ನರಿಯೊಂದು ಕೋಳಿಗೂಡಿನ ಮುಂದೆ ನಿಂತು, "ಅಮ್ಮಾ, ಇನ್ನು ಮೇಲೆ ತಮ್ಮನ್ನು 'ತು' ಎಂದು ಕರೆಯಲು ಅಪ್ಪಣೆಯಾಗಬೇಕು," ಎಂದಿತು. ಆ ದೇಶದಲ್ಲಿ 'ತು' ಎಂದರೆ ನೀನು. ದೊಡ್ಡವರು ಒಪ್ಪಿದ ಮೇಲೆಯೇ ಚಿಕ್ಕವರು ಹಾಗೆ ಕರೆಯುವುದು ಅಲ್ಲಿನ ವಾಡಿಕೆ.

ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಂಡು ಕೂತಿದ್ದ ಹೇಂಟೆಗೆ ಅನುಮಾನ ಬಂತು. ಮರ್ಯಾದೆ ಬಿಡಲು ಇಷ್ಟು ಮರ್ಯಾದೆಯಿಂದ ಕೇಳುವವರಿಗೆ ಬೇರೇನೋ ಬೇಕಾಗಿರುತ್ತದೆ.

"ಈಗೇಕಪ್ಪ ಈ ಸಲಿಗೆ?"

"ಕಾಲ ಬದಲಾಗಿದೆಯಮ್ಮಾ. ಈಗ ಅಂಗಡಿಯಲ್ಲೂ ಎಲ್ಲರಿಗೂ 'ತು'. ಗೌರವದ ಮಾತೆಂದರೆ ನಡುವೆ ಗೋಡೆ ಇದ್ದಂತೆ. ಅಗುಳಿ ತೆಗೆಯಿರಿ, ಕೈ ಕುಲುಕಿ ಶುರು ಮಾಡೋಣ."

"ಎಷ್ಟು ಚೆನ್ನಾಗಿ ಮಾತಾಡ್ತಾನಮ್ಮ!" ಎಂದು ಮರಿಯೊಂದು ಕತ್ತು ಚಾಚಿತು. ಹೇಂಟೆ ಅದರ ತಲೆಗೆ ಕುಕ್ಕಿ ಒಳಗೆ ತಳ್ಳಿ, ಅಗುಳಿಯನ್ನು ಇನ್ನೊಮ್ಮೆ ಒತ್ತಿ ನೋಡಿತು.

"ನಿಮ್ಮಜ್ಜ ನಮ್ಮಜ್ಜಿಯನ್ನು 'ವೋಯಿ' ಎಂದು ಬಹುವಚನದಲ್ಲಿ ಕರೆದ. ನಿಮ್ಮಪ್ಪ ನಮ್ಮಮ್ಮನನ್ನು ಪಟ್ಟಣದವರ ಹಾಗೆ 'ಲೇಯಿ' ಎಂದು ಇನ್ನೂ ನಾಜೂಕಾಗಿ ಕರೆದ. ನಮ್ಮವರಿಬ್ಬರೂ ಬಾಗಿಲು ತೆರೆದು ಹೋದವರು ಮರಳಿ ಬರಲಿಲ್ಲ. ನಿಮ್ಮ ಮನೆಯಲ್ಲಿ ಮಾತು ಬದಲಾಗಿದೆ ಕಣಪ್ಪ, ಅಡಿಗೆ ಬದಲಾಗಿಲ್ಲ."

ನರಿ ಮನನೊಂದಂತೆ ಬಾಲ ಮುದುಡಿತು. "ಹಾಗಾದರೆ ತಮ್ಮನ್ನು ಏನೆಂದು ಕರೆಯಲಿ?"

"ಏನೆಂದಾದರೂ ಕರಿ," ಎಂದಿತು ಹೇಂಟೆ. "ನಾನು ಓಗೊಡುವುದು ಒಳಗಿನಿಂದಲೇ."