ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು

ಪಟೇಲ ಗುರುಬಸಪ್ಪನವರ ಎಂಟು ಸಿಲಿಂಡರಿನ ಹಳೇ ಅಮೆರಿಕನ್ ಕಾರು ಲಾರಿಗೆ ಗುದ್ದಿ ಅಪ್ಪಚ್ಚಿಯಾಗಿತ್ತು. ಅದನ್ನು ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಬಂದು ಮಾನಾಚಾರಿಯ ಗ್ಯಾರೇಜಿನ ಮುಂದೆ ಇಳಿಸಿದರು.

"ಗುಜರಿಗೆ ಹಾಕಿ ಅಂದ ಮೂವರು ಮೆಕ್ಯಾನಿಕ್ಕುಗಳಿಗೆ ಉಗಿದು ಬಂದಿದ್ದೀನಿ. ನೀನೂ ಹಾಗೇ ಅಂದರೆ ನಾಳೆಯೇ ಶೆಡ್ಡು ಖಾಲಿ ಮಾಡು. ಜಾಗ ನನ್ನದು, ನೆನಪಿರಲಿ."

ಮಾನಾಚಾರಿ ಕಾರಿಗೆ ಒಂದು ಸುತ್ತು ಬಂದ. ಆಗುತ್ತೆ ಅಂದರೆ ಸುಳ್ಳು, ಆಗಲ್ಲ ಅಂದರೆ ಶೆಡ್ಡು ಹೋಯಿತು.

"ಇವತ್ತೇ ಶುರು ಮಾಡೋಣ ಪಟೇಲ್ರೇ. ಆದರೆ ಪೂಜೆ ಆಗದೆ ನಾನು ಸ್ಪ್ಯಾನರ್ ಮುಟ್ಟೋನಲ್ಲ. ನಾಲ್ಕು ಚಕ್ರದಡಿಗೂ ಯಜಮಾನರೇ ನಿಂಬೆಹಣ್ಣು ಇಡಬೇಕು," ಎಂದು ನಾಲ್ಕು ಹಣ್ಣು ಕೈಗಿತ್ತ.

ಪಟೇಲರು ಪಂಚೆ ಎತ್ತಿ ಕಟ್ಟಿ ಬಗ್ಗಿದರು. ಹಿಂದಿನ ಎಡಚಕ್ರದಡಿ ಒಂದು ಇಟ್ಟರು. ಬಲಚಕ್ರ ಆಕಾಶ ನೋಡುತ್ತಿತ್ತು. ಮುಂದಿನದೊಂದು ಒಳಗೆ ಸೀಟಿನ ಮೇಲೆ ಕೂತಿತ್ತು. ಇನ್ನೊಂದಕ್ಕಾಗಿ ಎರಡು ಸುತ್ತು ಹುಡುಕಿದರು. ಅದು ಬಂದೇ ಇರಲಿಲ್ಲ.

ಪಟೇಲರು ಬೆವರೊರೆಸಿಕೊಂಡರು. "ಆಚಾರೀ, ಇದು ಗುಜರಿಗೇ ಸರಿ ಕಣೋ."

"ಛೆ ಛೆ, ನಾನಂತೂ ಆ ಮಾತು ಆಡಲಿಲ್ಲ," ಎಂದ ಮಾನಾಚಾರಿ, ಉಳಿದ ಮೂರು ಹಣ್ಣು ಈಸಿಕೊಂಡು ಅವರಿಗೇ ಶರಬತ್ತು ಮಾಡಿಕೊಟ್ಟ.