ನಡುಮನೆಯ ಊರು

ಕಂಪ್ಯೂಟರ್ ಕಲಿಸುವ ಮೇಷ್ಟ್ರನ್ನು ಶಿಷ್ಯೆ ಇಂದುಮತಿ ಕೇಳಿದಳು:

"ಮೇಷ್ಟ್ರೇ, ಮನೆಯಲ್ಲಿ ಕಂಪ್ಯೂಟರ್ ಒಂದೇ. ಅಣ್ಣನಿಗೆ ವಿಂಡೋಸ್ ಬೇಕು, ನನಗೆ ಲಿನಕ್ಸ್. ಎರಡನ್ನೂ ಅದರಲ್ಲೇ ಹಾಕಿಕೊಂಡಿದ್ದೇವೆ. ಊರು ಕಟ್ಟುವ ಆಟವೊಂದನ್ನು ಮಾತ್ರ ಒಂದೇ ಕಡೆ ಇಟ್ಟು ಸರದಿಯ ಮೇಲೆ ಆಡುತ್ತೇವೆ. ಅವನು ಯಂತ್ರವನ್ನು ಪೂರ್ತಿ ಆರಿಸದೆ ಎದ್ದುಹೋಗುತ್ತಾನೆ. ಆಮೇಲೆ ನಾನು ಆಡಿದ್ದು ಉಳಿಯುವುದಿಲ್ಲ. ಎರಡು ಕಡೆಗೂ ಬೇರೆ ಬೇರೆ ಹಾಕಿಬಿಡಲೇ?"

ಮೇಷ್ಟ್ರು ಒಂದು ಕತೆ ಹೇಳಿದರು.

ಒಬ್ಬ ಡೇರಿಯವ, ಒಬ್ಬ ಟಾಕೀಸಿನವ ಒಂದೇ ಬಾಡಿಗೆ ಕೋಣೆಯಲ್ಲಿದ್ದರು. ಡೇರಿಯವ ನಸುಕಿಗೆ ಹೋಗಿ ಮಧ್ಯಾಹ್ನಕ್ಕೆ ಬರುತ್ತಿದ್ದ. ಆ ಹೊತ್ತಿಗೆ ಟಾಕೀಸಿನವ ಹೊರಡುತ್ತಿದ್ದ. ಕೋಣೆಗೆ ಬೀಗದ ಕೈ ಒಂದೇ. ದಿನವೂ ಮೆಟ್ಟಿಲ ಮೇಲೆ ಅದು ಕೈ ಬದಲಾಗುತ್ತಿತ್ತು. ಅವರ ಸ್ನೇಹಕ್ಕೆ ಇದ್ದ ಹೊತ್ತು ಅಷ್ಟೇ.

ಇಬ್ಬರೂ ಸೇರಿ ಒಂದು ಹಳೆಯ ಕಂಪ್ಯೂಟರ್ ಕೊಂಡರು. ಡೇರಿಯವ ವಿಂಡೋಸ್ ಕಲಿತಿದ್ದ. ಟಾಕೀಸಿನವ ಲಿನಕ್ಸ್ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಎರಡನ್ನೂ ಹಾಕಿದ ಮೇಲೆ ಡಿಸ್ಕಿನಲ್ಲಿ ಉಳಿದದ್ದು ಒಂದು ಆಟಕ್ಕೆ ಸಾಲುವಷ್ಟು ಜಾಗ. ಆ ಜಾಗಕ್ಕೆ ನಡುಮನೆ ಎಂದು ಹೆಸರಿಟ್ಟರು. ಅದರಲ್ಲಿ ಊರು ಕಟ್ಟುವ ಆಟವನ್ನು ಹಾಕಿದರು. ಎರಡು ಕಡೆಯಿಂದಲೂ ಅದೇ ಊರಿಗೆ ಬರಬಹುದಿತ್ತು. ಕಟ್ಟಳೆ ಒಂದೇ: ಡೇರಿಯವ ಏಳುವಾಗ ವಿಂಡೋಸನ್ನು ಪೂರ್ತಿ ಮುಚ್ಚಬೇಕು. ಅರೆನಿದ್ದೆಯಲ್ಲಿ ಬಿಟ್ಟರೆ ಲಿನಕ್ಸಿನಿಂದ ನಡುಮನೆಯನ್ನು ನೋಡಬಹುದು, ಅಲ್ಲಿ ಏನನ್ನೂ ಇಡಲಾಗದು.

ಟಾಕೀಸಿನವ ಬೆಳಿಗ್ಗೆ ಕಟ್ಟುತ್ತಿದ್ದ, ಡೇರಿಯವ ಊಟವಾದ ಮೇಲೆ. ಒಬ್ಬ ಸಿನಿಮಾ ಮಂದಿರ ಕಟ್ಟಿದರೆ ಮರುದಿನ ಅದರ ಎದುರು ಚಹಾದಂಗಡಿ ಎದ್ದಿರುತ್ತಿತ್ತು. ಕೊಟ್ಟಿಗೆಗಳಿಂದ ಪೇಟೆಗೆ ಹತ್ತಿರದ ದಾರಿ ಬೇಕು ಎಂದು ಇನ್ನೊಬ್ಬ ಅಂದುಕೊಳ್ಳುವಷ್ಟರಲ್ಲಿ ದಾರಿ ಬಿದ್ದಿರುತ್ತಿತ್ತು.

"ನಿನ್ನ ಟಾಕೀಸಿನ ಹಿಂದೆ ಹಂದಿಗೂಡು ಹಾಕಿದ್ದೇನೆ," ಎಂದು ಡೇರಿಯವ ಮೆಟ್ಟಿಲ ಮೇಲೆ ಹೇಳಿದ. "ಇನ್ನು ಜನ ಅರ್ಧಕ್ಕೆ ಎದ್ದುಹೋದರೆ ಸಿನಿಮಾದ ಮೇಲೆ ತಪ್ಪು ಬರುವುದಿಲ್ಲ."

ಒಮ್ಮೆ ಟಾಕೀಸಿನವ ಹೊಳೆಗೆ ಸೇತುವೆ ಕಟ್ಟತೊಡಗಿದ. ಮೂರು ದಿನ ಬೆಳಿಗ್ಗೆ ಕಟ್ಟಿದ. ಆ ಮೂರೂ ಸಲ ಡೇರಿಯವ ದಣಿವಿನಲ್ಲಿ ವಿಂಡೋಸನ್ನು ಅರೆನಿದ್ದೆಯಲ್ಲಿ ಬಿಟ್ಟಿದ್ದ. ಒಂದು ಕಲ್ಲೂ ಉಳಿಯಲಿಲ್ಲ.

"ಮುಚ್ಚಿ ಏಳುವುದಕ್ಕೂ ಸೋಮಾರಿತನವೇನಯ್ಯ?" ಎಂದು ಮೂರನೆಯ ದಿನ ಮಧ್ಯಾಹ್ನ ಮೆಟ್ಟಿಲ ಮೇಲೆ ಟಾಕೀಸಿನವ ಕೇಳಿದ.

"ಸೇತುವೆ ತಾನೇ, ಮಾರಾಯ. ಎಲ್ಲಿಗೆ ಓಡಿಹೋಗುತ್ತೆ?"

"ಓಡಿಹೋಯಿತಲ್ಲ, ಮೂರು ಸಲ."

ಮರುದಿನ ಬೆಳಿಗ್ಗೆ ಟಾಕೀಸಿನವ ಆಟ ತೆರೆಯಲಿಲ್ಲ. ಪೇಟೆಗೆ ಹೋಗಿ ದೊಡ್ಡ ಡಿಸ್ಕ್ ತಂದ. ಹಳೆಯದನ್ನು ಕಳಚಿ ಟ್ರಂಕಿಗೆ ಹಾಕಿದ. ಹೊಸದರಲ್ಲಿ ಎರಡು ಕಡೆಗೂ ಬೇರೆ ಬೇರೆ ಆಟ ಹಾಕಿದ.

ಮಧ್ಯಾಹ್ನ ಮೆಟ್ಟಿಲ ಮೇಲೆ ಡೇರಿಯವ ಕೇಳಿದ: "ಬೆಳಿಗ್ಗೆ ನಡುಮನೆಗೆ ಹೋಗಿದ್ದೆಯಾ?"

"ಇನ್ನು ನಿನ್ನ ಊರು ನಿನಗೆ, ನನ್ನ ಊರು ನನಗೆ," ಎಂದ ಟಾಕೀಸಿನವ.

ಡೇರಿಯವ ಬೀಗದ ಕೈ ಇಸಿದುಕೊಂಡು ಮೇಲೆ ಹೋದ.

ಆಮೇಲೆ ಜಗಳವಾಗಲಿಲ್ಲ. ಟಾಕೀಸಿನವನ ಊರು ಬೆಳೆಯಿತು. ಸಿನಿಮಾ ಮಂದಿರದ ಎದುರು ಚಹಾದಂಗಡಿಯನ್ನು ಅವನೇ ಇಟ್ಟ. ಮರುದಿನ ತೆರೆದಾಗ ಅದು ಇಟ್ಟಲ್ಲಿಯೇ ಇತ್ತು, ಅದರ ಪಕ್ಕದಲ್ಲಿ ಹೊಸದೇನೂ ಇರಲಿಲ್ಲ. ಕೆಲವು ತಿಂಗಳಲ್ಲಿ ಆಡುವುದನ್ನು ಬಿಟ್ಟ. ಡೇರಿಯವನಿಗೆ ಬೇರೆ ಊರಿಗೆ ವರ್ಗವಾಯಿತು. ಬೀಗದ ಕೈ ಕೊಟ್ಟು ಹೊರಟುಹೋದ.

ಬಹಳ ವರ್ಷಗಳಾದವು. ಟಾಕೀಸು ಮುಚ್ಚಿತು. ಕೋಣೆ ಖಾಲಿ ಮಾಡುವಾಗ ಟ್ರಂಕಿನಲ್ಲಿ ಹಳೆಯ ಡಿಸ್ಕ್ ಸಿಕ್ಕಿತು. ಟಾಕೀಸಿನವ ಅದನ್ನು ಜೋಡಿಸಿ ನೋಡಿದ. ನಡುಮನೆ ಹಾಗೆಯೇ ಇತ್ತು. ಚಹಾದಂಗಡಿ ಇತ್ತು, ಹಂದಿಗೂಡು ಇತ್ತು. ಹೊಳೆಯ ಮೇಲೆ, ಈ ದಡದಿಂದ ಆ ದಡಕ್ಕೆ, ಸೇತುವೆ ಇತ್ತು. ಅದನ್ನು ಕಟ್ಟಿಟ್ಟ ತಾರೀಖು ಇಬ್ಬರೂ ಜಗಳವಾಡಿದ ದಿನದ್ದು, ಹೊತ್ತು ಮಧ್ಯಾಹ್ನದ ಮೇಲಿನದು. ವಿಂಡೋಸನ್ನು ಆ ದಿನ ಪೂರ್ತಿ ಮುಚ್ಚಲಾಗಿತ್ತು.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ಒಂದೇ ಕಡೆ ಇರಲಿ ಅನ್ನುತ್ತೀರಾ, ಮೇಷ್ಟ್ರೇ?" ಎಂದಳು ಇಂದುಮತಿ.

"ನಿನ್ನೆ ನಿಮ್ಮಣ್ಣ ಏನು ಕಟ್ಟಿಟ್ಟು ಎದ್ದಿದ್ದಾನೆ, ನೋಡಿದೆಯಾ?"